ಎಣ್ಣೆ ಜಾಸ್ತಿಯಾದ ಕಾರು

ನಮ್ಮ ಮನೆಯ ಕಾರನ್ನು ಇನ್ನು ಮುಂದೆ ಯಾವ ಮೆಕ್ಯಾನಿಕ್ಕನೂ ಮುಟ್ಟಕೂಡದು ಎಂದು ಪ್ರತಿಜ್ಞೆ ಮಾಡಿದೆ. ಕಾರು ಹೆಂಡತಿಯದು. ಕೇಕ್ ಮಾಡಿ ಮಾರುವ ಅವಳು ಅದನ್ನು ಕೊಂಡದ್ದೇ ಕೇಕ್ ಸಾಗಿಸಲು. ಆದರೆ ಅದರ ಟರ್ಬೋ ಡೀಸೆಲ್ ಎಂಜಿನ್ನಿನ ಅಶ್ವಶಕ್ತಿ, ಟಾರ್ಕು, ರೋಗರುಜಿನಗಳೆಲ್ಲ ಕಂಠಪಾಠವಿರುವುದು ನನಗೆ. ಊಟಕ್ಕೆ ಕೂತರೂ ಅದೇ ಪಾರಾಯಣ.

"ಸಂಜೆ ಮದುವೆ ಕೇಕ್ ತಲುಪಿಸ್ಬೇಕು. ಕಾರಿನ ತಂಟೆಗೆ ಹೋಗ್ಬೇಡಿ," ಎಂದಳು.

"ಟರ್ಬೋಗೆ ಎಣ್ಣೆಯೇ ಪ್ರಾಣ ಕಣೇ. ಒಂಚೂರು ಹಾಕ್ತೀನಿ, ಅಷ್ಟೆ."

ಎಣ್ಣೆ ಅಳೆಯುವ ಕಡ್ಡಿಯಲ್ಲಿ ಮೇಲೊಂದು ಗೆರೆಯಿತ್ತು. ಗೆರೆ ನೋಡಿ ನಿಲ್ಲಿಸುವವರು ಜಿಪುಣರು! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು, ಡಬ್ಬಿಯಲ್ಲಿದ್ದಷ್ಟನ್ನೂ ಎಂಜಿನ್ನಿಗೆ ಬಿಟ್ಟೆ.

ಚಾಲೂ ಮಾಡಿದೆ. ಮೊದಲು ಗುರುಗುಟ್ಟಿತು, ಆಮೇಲೆ ಆರ್ಭಟಿಸಿತು. ನಾನು ಆಕ್ಸಿಲರೇಟರ್ ಮುಟ್ಟಿರಲೇ ಇಲ್ಲ! ಹೊಗೆ ಇಡೀ ಬೀದಿಯನ್ನೇ ನುಂಗಿತು.

ಹೆಂಡತಿ ಕೈಯ ಮೈದಾಹಿಟ್ಟಿನ ಸಮೇತ ಓಡಿಬಂದಳು. "ಮೊದ್ಲು ಕೀ ತೆಗೀರಿ!"

"ತೆಗ್ದಿದೀನಿ. ಕೈಯಲ್ಲೇ ಇದೆ ನೋಡು."

"ಮತ್ತೆ ಹೆಂಗೆ ಓಡ್ತಿದೆ?"

"ಡೀಸೆಲ್ ಬಿಟ್ಟು ಎಣ್ಣೆ ಕುಡಿಯೋಕೆ ಶುರು ಮಾಡಿದೆ."

ಹೊಗೆಯೊಳಗಿಂದ ಪಕ್ಕದ ಮನೆಯವರ ಕೆಮ್ಮು ಬಂತು. ಹಿಂದೆಯೇ ದನಿ: "ಏನ್ ಸ್ವಾಮಿ ಗಲಾಟೆ?"

"ಎಣ್ಣೆ ಜಾಸ್ತಿ ಆಗಿದೆ ಸಾರ್."

"ಮಟಮಟ ಮಧ್ಯಾಹ್ನಾನೇ ಶುರು ಮಾಡಿದ್ರಾ?"

ಉತ್ತರಿಸಲು ಪುರುಸೊತ್ತೆಲ್ಲಿ? ಇನ್ನೊಂದು ಗಳಿಗೆ ಹೀಗೇ ಓಡಿದರೆ ಎಂಜಿನ್ ಒಡೆದು ಚೂರಾಗುತ್ತದೆ. ಅವಳ ಕಾರು, ಅವಳ ಕಸುಬು ಎರಡೂ ಹೊಗೆ! ನನ್ನ ಕಂಠಪಾಠವೆಲ್ಲ ಕಂಠದಲ್ಲೇ ಸಿಕ್ಕಿಹಾಕಿಕೊಂಡಿತು. ಅವಳು ನನ್ನನ್ನು ರಟ್ಟೆ ಹಿಡಿದು ಕೆಳಗಿಳಿಸಿ, ಒಳಗೆ ಕೂತು, ಬ್ರೇಕನ್ನು ಅದುಮಿ ಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಜಗ್ಗಿ, ಬಿಕ್ಕಿ, ತೆಪ್ಪಗಾಯಿತು.

"ಇದೆಲ್ಲ ನಿಂಗೆ ಹೇಗೇ ಗೊತ್ತು?"

"ಒಂದೇ ಸಮನೆ ಬಡ್ಕೊಳ್ಳೋದನ್ನ ನಿಲ್ಲಿಸ್ಬೇಕಂದ್ರೆ ಮೇಲೆ ಹೊರೆ ಹಾಕ್ಬೇಕು. ಇಷ್ಟು ವರ್ಷ ಸಂಸಾರ ಮಾಡಿದೀನಲ್ಲ."

"ಅದು ಹಾಗಲ್ಲ. ವೈಜ್ಞಾನಿಕವಾಗಿ ಹೇಳೋದಾದ್ರೆ, ಟರ್ಬೋ ಒಳಗಿನ ಗಾಳಿಯ ಒತ್ತಡ ಇದೆಯಲ್ಲ, ಅದು..."

ಅವಳು ಒಳಗೆ ಹೋಗಿ, ಮೂರಂತಸ್ತಿನ ಮದುವೆ ಕೇಕನ್ನು ತಂದು ನನ್ನ ಎರಡೂ ಕೈಗಳ ಮೇಲಿಟ್ಟಳು.

"ಬಾಡಿಗೆ ಕಾರಿಗೆ ಹೇಳಿದೀನಿ. ಬರೋವರ್ಗೂ ಅಲುಗಾಡ್ಬೇಡಿ. ಹಾಂ, ಏನೋ ಹೇಳ್ತಿದ್ರಿ?"

ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ. ಎಂಜಿನ್ ಬಂದ್ ಆಗಿತ್ತು.