ಉಳಿದರ್ಧ ಪಾಠ ಮುಗಿಸಲು ಒಂದು ಗಂಟೆ ರಜೆ

ಇಂದ,
ಸಹಾಯಕ ಪ್ರಾಧ್ಯಾಪಕಿ, ಮಕ್ಕಳ ಶುಶ್ರೂಷಾ ವಿಭಾಗ
ಸದ್ಯದ ವಿಳಾಸ: ಬೋಧನಾ ಕೌಶಲ ತರಬೇತಿ, ಮೂರನೇ ಮಹಡಿ, ‘ಸೂರ್ಯಕಾಂತಿ’ ಗುಂಪು

ಗೆ,
ನಿರ್ದೇಶಕರು, ಬೋಧಕರ ವೃತ್ತಿ ಅಭಿವೃದ್ಧಿ ಕೇಂದ್ರ, ವಿಶ್ವವಿದ್ಯಾಲಯದ ಆವರಣ

ವಿಷಯ: ಪಾಠ ಮಾಡುವುದನ್ನು ಕಲಿಸುವ ತರಬೇತಿಯಿಂದ, ಪಾಠ ಮಾಡುವ ಸಲುವಾಗಿ, ಒಂದು ಗಂಟೆ ರಜೆ ಮಂಜೂರು ಮಾಡುವ ಬಗ್ಗೆ.

ಉಲ್ಲೇಖ:
೧. ನನ್ನನ್ನು ತರಬೇತಿಗೆ ನಿಯೋಜಿಸಿದ ತಮ್ಮ ಆದೇಶ.
೨. ‘ತರಬೇತಿ ವೇಳೆಯಲ್ಲಿ ಅನುಮತಿಯಿಲ್ಲದೆ ಪಾಠ ಮಾಡಲು ಯತ್ನಿಸಿದ’ ಕಾರಣಕ್ಕೆ ತಾವು ನನಗೆ ಕೊಟ್ಟ ಮೆಮೊ.
೩. ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್ ಫೋನಿನಲ್ಲಿ ನನಗೆ ಬೈದ ಬೈಗುಳ (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿ ದುಡಿದು, ಆಮೇಲೆ ಓದಿ, ಈಗ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ತಮ್ಮ ಪ್ರಮಾಣಪತ್ರ ಕೈಗೆ ಬರುವವರೆಗೆ ನನ್ನ ಕೆಲಸ ಖಾಯಂ ಆಗುವುದಿಲ್ಲ. ಆದ್ದರಿಂದ ತಾವು ಕರೆದ ತಕ್ಷಣ ನನ್ನ ತರಗತಿಗಳನ್ನೆಲ್ಲ ರದ್ದು ಮಾಡಿ, ಪಾಠ ಮಾಡುವುದನ್ನು ಕಲಿಯಲು ಬಂದು ಕುಳಿತೆ.

೧. ತರಬೇತಿಯ ಆರಂಭದಲ್ಲಿ ನಾವು ಹಳೆಯ ಪತ್ರಿಕೆಗಳನ್ನು ಸುರುಳಿ ಸುತ್ತಿ ಗೋಪುರ ಕಟ್ಟಿದೆವು. ನಿವೃತ್ತಿಗೆ ಹತ್ತಿರವಾಗಿರುವ ಅಂಗರಚನಾ ಪ್ರಾಧ್ಯಾಪಕರು ಮಂಡಿನೋವಿನಲ್ಲೂ ನೆಲದ ಮೇಲೆ ಕೂತು ಅಂಟು ಹಚ್ಚಿದರು. ಗೋಪುರ ಬಿತ್ತು. ‘ಬಿದ್ದಿದ್ರಿಂದ ಏನ್ ಕಲಿತ್ರಿ ಫ್ರೆಂಡ್ಸ್?’ ಎಂದು ತರಬೇತುದಾರರು ಕೇಳಿದರು. ‘ಅಂಟು ಸರಿಯಿಲ್ಲ ಅಂತ’ ಎಂದರು ಹಿರಿಯರು. ‘ಮನಸ್ಸು ಇನ್ನೂ ತೆರೆದಿಲ್ಲ’ ಎಂದು ಬರೆದ ಹಳದಿ ಚೀಟಿಯೊಂದನ್ನು ಅವರ ಅಂಗಿಗೆ ಅಂಟಿಸಲಾಯಿತು. ಅದೂ ಸ್ವಲ್ಪ ಹೊತ್ತಿಗೆ ಉದುರಿತು.

೨. ನಂತರ ಅಣಕು ಪಾಠಗಳು ಶುರುವಾದವು. ವಿದ್ಯಾರ್ಥಿಗಳ ಪಾತ್ರ ವಹಿಸಿದ ಪ್ರಾಧ್ಯಾಪಕರು ನಿಜವಾಗಿಯೇ ಗೊರಕೆ ಹೊಡೆದ ಕಾರಣ, ನನ್ನ ಸರದಿ ಬಂದಾಗ ನನ್ನ ವಿದ್ಯಾರ್ಥಿಗಳನ್ನೇ ಕರೆಸಲಾಯಿತು. ಪಾಠದ ಮುಖವನ್ನೇ ಕಾಣದೆ ಕಂಗಾಲಾಗಿದ್ದ ಮಕ್ಕಳು ಓಡಿಬಂದು ಮುಂದಿನ ಸಾಲಿಗೆ ಜಗಳವಾಡಿದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

೩. ಪಾಠ, ಮಕ್ಕಳಿಗೆ ಕೊಡುವ ಔಷಧಿಯ ಪ್ರಮಾಣದ ಲೆಕ್ಕ. ಇದನ್ನು ಕಲಿಸಲು ನನ್ನದೇ ಒಂದು ರೀತಿ ಇದೆ. ಮೊದಲು ಬೇಕೆಂದೇ ತಪ್ಪು ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ. ದೊಡ್ಡವರಿಗೆ ಇಷ್ಟು, ಆದ್ದರಿಂದ ಈ ವಯಸ್ಸಿನ ಮಗುವಿಗೆ ಇಷ್ಟು ಪಾಲು ಎಂದು ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಲೆಕ್ಕ ಬರೆಯುತ್ತೇನೆ. ಎಲ್ಲರೂ ತಲೆಯಾಡಿಸಿದ ಮೇಲೆ, ಮೇಜಿನ ಕೆಳಗೆ ಬಟ್ಟೆ ಮುಚ್ಚಿಟ್ಟ ತೂಕದ ಯಂತ್ರವನ್ನು ಎತ್ತಿ ಮೇಲಿಡುತ್ತೇನೆ. ‘ಒಂದೇ ವಯಸ್ಸಿನ ಎರಡು ಮಕ್ಕಳಿವೆ. ಒಂದು ಗುಂಡುಗುಂಡಗಿದೆ, ಇನ್ನೊಂದು ಕಾಯಿಲೆ ಬಿದ್ದು ಕಡ್ಡಿಯಾಗಿದೆ. ಎರಡಕ್ಕೂ ಇಷ್ಟೇ ಕೊಡ್ತೀರಾ?’ ಎಂದು ಕೇಳುತ್ತೇನೆ. ಆಡುತ್ತಿದ್ದ ತಲೆಗಳೆಲ್ಲ ಗಕ್ಕನೆ ನಿಲ್ಲುತ್ತವೆ. ಆಮೇಲೆ ಬೋರ್ಡಿನ ಲೆಕ್ಕವನ್ನು ಅವರ ಕೈಯಿಂದಲೇ ಅಳಿಸಿ, ತೂಕದ ಪ್ರಕಾರ ಹೊಸದಾಗಿ ಹಾಕಿಸುತ್ತೇನೆ. ಒಮ್ಮೆ ಹೀಗೆ ಬೆಚ್ಚಿಬಿದ್ದವರು ತೂಕ ನೋಡದೆ ಯಾವ ಮಗುವಿಗೂ ಔಷಧಿ ಕೊಡುವುದಿಲ್ಲ.

೪. ವಿದ್ಯಾರ್ಥಿಗಳು ತಲೆಯಾಡಿಸುತ್ತಿದ್ದಾಗಲೇ ತರಬೇತುದಾರರು ಗಂಟೆ ಬಾರಿಸಿದರು. ಅಣಕು ಪಾಠದ ಅವಧಿ ಅಷ್ಟೇ ಅಂತೆ.

‘ಸರ್, ಇನ್ನರ್ಧ ಬಾಕಿ ಇದೆ. ಇಲ್ಲೀವರೆಗೆ ನಾನು ಹೇಳಿದ್ದು ತಪ್ಪು’ ಎಂದೆ.

‘ಎಷ್ಟು ಆತ್ಮವಿಶ್ವಾಸದಿಂದ ಹೇಳಿದ್ರಿ ಮೇಡಂ. ಅದನ್ನ ತಪ್ಪು ಅಂತ ನೀವೇ ಅಂದ್ಕೋಬಾರ್ದು’ ಎಂದು ಅವರು ಚಪ್ಪಾಳೆ ತಟ್ಟಿಸಿದರು.

ಆ ಚಪ್ಪಾಳೆಯ ಗದ್ದಲದಲ್ಲೇ ವಿದ್ಯಾರ್ಥಿಗಳನ್ನು ಸಾಲಾಗಿ ಹೊರಗೆ ಕಳಿಸಿದರು. ‘ಬೋಧನಾ ಸಾಮಗ್ರಿ ತಂದಿದ್ದರೂ ಬಳಸಲಿಲ್ಲ’ ಎಂದು ತೂಕದ ಯಂತ್ರದ ಬಾಬ್ತು ನನ್ನ ಅಂಕ ಕಡಿತವಾಯಿತು. ಉಳಿದಂತೆ ಇಡೀ ತಂಡಕ್ಕೆ ನಾನೇ ಮೊದಲು. ಆದಕಾರಣ ಆ ಅರ್ಧ ಪಾಠದ ವಿಡಿಯೊ ‘ಮಾದರಿ ಪಾಠ’ ಎಂಬ ಬಿರುದು ಹೊತ್ತು ತಮ್ಮ ಕೇಂದ್ರದ ಜಾಲತಾಣ ಸೇರಿತು.

೫. ಅದನ್ನು ತೆಗೆಯಿರಿ ಎಂದು ತರಬೇತುದಾರರಿಗೆ ಕೈಮುಗಿದೆ. ‘ವಿಷಯ ಸರಿಯೋ ತಪ್ಪೋ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ. ನಾವು ನೋಡೋದು ಹೇಳೋ ರೀತಿ ಮಾತ್ರ’ ಎಂದರು. ತೆಗೆಯಬೇಕಾದರೆ ಸಮಿತಿ ಸೇರಬೇಕಂತೆ. ಸಮಿತಿಯವರೆಲ್ಲ ಬೇರೊಂದು ತರಬೇತಿಯಲ್ಲಿದ್ದಾರಂತೆ. ಕಲಿಸಲು ಬಾರದವರು ಕಲಿಸುವುದನ್ನು ಕಲಿಸುವ ವ್ಯವಸ್ಥೆಯನ್ನು ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಕ್ಕೆ ತಮ್ಮನ್ನು ಅಭಿನಂದಿಸಲೇಬೇಕು.

ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸರಿಯಾದ ಲೆಕ್ಕ ಬರೆದು, ವಿಡಿಯೊ ನಂಬಬೇಡಿ ಎಂದು ಹಾಕಿದೆ. ಸಾಲುಸಾಲಾಗಿ ಹೆಬ್ಬೆರಳುಗಳು ಬಂದವು. ಒಬ್ಬ ಮಾತ್ರ ಕೇಳಿದ: ‘ಮೇಡಂ, ಹಾಗಾದ್ರೆ ಪರೀಕ್ಷೆಗೆ ಯಾವ್ದು ಬರೀಬೇಕು?’

ಇದಕ್ಕೆ ಬೆರಳಿನಲ್ಲಿ ಉತ್ತರ ಕೊಟ್ಟರೆ ಆಗುವುದಿಲ್ಲ ಎನಿಸಿತು. ಆದಕಾರಣ, ಚಹಾ ವಿರಾಮದಲ್ಲಿ ತೂಕದ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ತರಗತಿಗೆ ಓಡಿದೆ. ಬಟ್ಟೆ ತೆಗೆಯುವಷ್ಟರಲ್ಲಿ ತಮ್ಮ ಕೇಂದ್ರದ ಮೇಲ್ವಿಚಾರಕರು ಬಾಗಿಲಲ್ಲಿ ನಿಂತಿದ್ದರು.

‘ತರಬೇತಿ ಬಿಟ್ಟು ಇಲ್ಲೇನ್ ಮಾಡ್ತಿದೀರಾ?’

‘ಪಾಠ.’

‘ಅದನ್ನ ತರಬೇತಿ ಮುಗಿದ್ಮೇಲೆ ಮಾಡ್ಕೊಳ್ಳಿ.’

ಉಲ್ಲೇಖ ಎರಡರ ಮೆಮೊ ಅಂದೇ ಕೈಸೇರಿತು. ಇನ್ನೊಮ್ಮೆ ಹೀಗಾದರೆ ನಾನು ತರಬೇತಿಯನ್ನು ಮತ್ತೆ ಪೇಪರ್ ಗೋಪುರದಿಂದ ಶುರು ಮಾಡಬೇಕಂತೆ, ಖಾಯಂ ಆಗುವ ಮಾತು ಮುಂದಿನ ವರ್ಷಕ್ಕಂತೆ.

೬. ನಿನ್ನೆ ನಮ್ಮ ವಿದ್ಯಾರ್ಥಿಗಳ ಮೊದಲ ತಂಡ ಮಕ್ಕಳ ವಾರ್ಡಿಗೆ ಹೋಯಿತು. ಮಧ್ಯಾಹ್ನ ಅಲ್ಲಿನ ಹಿರಿಯ ಸಿಸ್ಟರ್ ಫೋನ್ ಮಾಡಿದರು. ನನಗೆ ಕೆಲಸ ಕಲಿಸಿದವರು ಅವರೇ, ಆದ್ದರಿಂದ ಮೆಮೊ ಕೊಡದೆ ನೇರವಾಗಿ ಬೈಯುತ್ತಾರೆ.

‘ಏನೇ, ಏನ್ ಹೇಳ್ಕೊಟ್ಟಿದೀಯ ಈ ಮಕ್ಳಿಗೆ? ಕೈಕಾಲು ಕಡ್ಡಿ ಥರ ಇರೋ ಮಗು. ಅದಕ್ಕೆ ದುಪ್ಪಟ್ಟು ಔಷಧಿ ತುಂಬ್ಕೊಂಡು ನಿಂತಿದ್ಲು ನಿನ್ ಹುಡುಗಿ. ನಾನ್ ಕೈ ಹಿಡೀದೇ ಇದ್ದಿದ್ರೆ ಏನ್ ಗತಿ?’

ಅವರೇ ಮುಂದುವರಿಸಿದರು:

‘ಸದ್ಯಕ್ಕೆ ಔಷಧಿ ಕಪಾಟಿನ ಬೀಗದ ಕೈ ನನ್ ಸೊಂಟದಲ್ಲಿದೆ. ನಾಡಿದ್ದಿಂದ ನಂಗೆ ನೈಟ್ ಡ್ಯೂಟಿ. ಆಮೇಲೆ ಹಗಲು ಹೊತ್ತು ಯಾರ್ ಕಾಯ್ತಾರೆ? ಅಷ್ಟರೊಳಗೆ ಸರಿ ಮಾಡು.’

ಆ ಹುಡುಗಿ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಮೊದಲ ಸಾಲಿನಲ್ಲಿ ಕೂತು ನಾನು ಕೆಮ್ಮಿದರೂ ಬರೆದುಕೊಳ್ಳುವವಳು, ಗೆಳತಿಯರ ಬಾಯಲ್ಲಿ ಟಿಪ್ಪಣಿ ರಾಣಿ. ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

‘ಗ್ರೂಪಲ್ಲಿ ನೀವು ಹಾಕಿದ್ದು ನೋಡ್ಲಿಲ್ಲ ಮೇಡಂ. ವಿಡಿಯೊ ಮಾತ್ರ ಮತ್ತೆ ಮತ್ತೆ ನೋಡಿದ್ದೆ’ ಎಂದಳು. ಆಮೇಲೆ, ‘ಅದು ನೀವೇ ಹೇಳ್ಕೊಟ್ಟಿದ್ದಲ್ವಾ ಮೇಡಂ?’ ಎಂದಳು.

ಹೌದು, ನಾನೇ. ನನ್ನ ದನಿ, ನನ್ನ ಅಕ್ಷರ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ತಮ್ಮ ಕೇಂದ್ರದಲ್ಲಿ ಯಾರಿಗೂ ಈ ತೊಂದರೆ ಇದ್ದಂತೆ ಕಾಣುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ನಾಳೆ ಬೆಳಿಗ್ಗೆ ನನಗೆ ಒಂದು ಗಂಟೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಆ ಹೊತ್ತಿಗೆ ತರಬೇತಿಯಲ್ಲಿ ‘ಉಸಿರಾಟದ ಮೂಲಕ ವಿದ್ಯಾರ್ಥಿಗಳ ಮನ ಮುಟ್ಟುವುದು’ ಎಂಬ ಗೋಷ್ಠಿಯಿದೆ. ತರಗತಿಯಲ್ಲಿದ್ದಾಗಲೂ ನಾನು ತಪ್ಪದೆ ಉಸಿರಾಡುತ್ತೇನೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.

ರಜೆಯ ಅರ್ಜಿಯನ್ನು ಒಂದು ವಾರ ಮುಂಚಿತವಾಗಿ ಸಲ್ಲಿಸಬೇಕೆಂಬ ನಿಯಮ ನನಗೆ ತಿಳಿದಿದೆ. ಇದು ಟಪಾಲು ವಿಭಾಗ ದಾಟಿ ತಮ್ಮ ಮೇಜಿಗೆ ಬರುವಷ್ಟರಲ್ಲಿ ಬೋರ್ಡಿನ ಮೇಲಿನ ಲೆಕ್ಕವನ್ನು ಟಿಪ್ಪಣಿ ರಾಣಿಯೇ ಅಳಿಸಿರುತ್ತಾಳೆ.

ಖಾಯಂ ಆಗದೆಯೂ ತಮ್ಮ ವಿಶ್ವಾಸಿಯಾದ,
ಸಹಾಯಕ ಪ್ರಾಧ್ಯಾಪಕಿ

ಅಡಕಗಳು:
೧. ಅಣಕು ಪಾಠದ ಅಂಕಪಟ್ಟಿ, ತೂಕದ ಯಂತ್ರದ ಬಾಬ್ತು ಕಡಿತ ಸಮೇತ.
೨. ಅಂಗರಚನಾ ಪ್ರಾಧ್ಯಾಪಕರ ಅಂಗಿಯಿಂದ ಉದುರಿದ ಹಳದಿ ಚೀಟಿ. ಅಂಟು ಪರಿಶೀಲಿಸಬಹುದು.
೩. ಕೆಳಗಡೆ ‘ಸ್ವೀಕರಿಸಿದ್ದೇನೆ’ ಎಂದು ನನ್ನ ಸಹಿ ಇರುವ ಖಾಲಿ ಹಾಳೆ ಒಂದು. ನಾಳೆಯ ಮೆಮೊವನ್ನು ಅದರ ಮೇಲೆಯೇ ಟೈಪ್ ಮಾಡಿಸಿಕೊಳ್ಳಬೇಕಾಗಿ ವಿನಂತಿ.