ವೇದಿಕೆಯ ಮೇಲಿರುವ ಗಣ್ಯರೇ

ಭಾಷಣಕಾರರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಸುಳ್ಳಾದರೂ ಬೇಗ ಹೇಳಿ ಮುಗಿಸಲಿ ಎನ್ನುವವನು ನಾನು. ವೇದಿಕೆಯ ಮೇಲಿರುವ ಒಬ್ಬೊಬ್ಬರನ್ನೂ ಹೆಸರು, ಹುದ್ದೆ, ಬಿರುದು ಸಮೇತ ಕರೆಯುತ್ತ ನಿಲ್ಲುತ್ತಾರಲ್ಲ, ಅಲ್ಲಿ ನನ್ನ ತಾಳ್ಮೆ ಕೆಡುತ್ತದೆ. ಇದು ಎಪ್ಪತ್ತರ ದಶಕದ ಸಿಟ್ಟು, ಇನ್ನೂ ಇಳಿದಿಲ್ಲ.

ಆಗ ನಾನು ಚಿತ್ರದುರ್ಗದಲ್ಲಿ ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದವರು 'ಪ್ರಜಾಪ್ರಭುತ್ವದಲ್ಲಿ ಶ್ರೀಸಾಮಾನ್ಯನ ದನಿ' ಎಂಬ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು. ನಮ್ಮ ಕಡೆಯ ಶಾಸಕರೂ ಅತಿಥಿಗಳೆಂದು ನಾನು ಊರಿನಲ್ಲಿ ಬಾಯಿಬಿಟ್ಟೆ. ನಮ್ಮದು ಬಾಗೂರಿನ ಹತ್ತಿರದ ಕುರುಬರ ಹಳ್ಳಿ. ಹೊಸದುರ್ಗದ ಬಸ್ಸು ಮೂರು ಮೈಲಿ ಆಚೆಯೇ ತಿರುಗಿ ಹೋಗುತ್ತಿತ್ತು. ರಸ್ತೆ ಸರಿಯಿಲ್ಲವೆಂಬ ಸಬೂಬು ಬೇರೆ. ಓಟು ಕೇಳುವ ಜೀಪುಗಳಿಗೆ ಮಾತ್ರ ಅದೇ ರಸ್ತೆ ಸಾಕಾಗುತ್ತಿತ್ತು! ತಂಗಿ ಗಂಗಮ್ಮ ಏಳನೇ ತರಗತಿ ಪಾಸಾಗಿದ್ದಳು. ಬಸ್ಸು ಬಂದರೆ ಹೈಸ್ಕೂಲು, ಬಾರದಿದ್ದರೆ ಕುರಿ ಎಂದು ಅಪ್ಪ ತೀರ್ಮಾನಿಸಿದ್ದ. ನಾನು ಹೊರಡುವಾಗ, "ನಮ್ಮೂರಿಗೆ ಬಸ್ ಯಾವಾಗ ಬರ್ತೈತೆ ಅಂತ ಎದ್ ನಿಂತು ಕೇಳ್ಲೇ. ಅಷ್ಟೇ ಕೇಳು" ಎಂದ.

ಹತ್ತು ಗಂಟೆಯ ಸಭೆ ಹನ್ನೊಂದೂವರೆಗೆ ಶುರುವಾಯಿತು. ಸ್ವಾಗತಿಸಿದವರು ಗಣ್ಯರನ್ನೆಲ್ಲ ಹೆಸರಿಸಿದರು. ಉದ್ಘಾಟಕರು ಮತ್ತೆ ಹೆಸರಿಸಿದರು. ನಿವೃತ್ತ ಪ್ರೊಫೆಸರೊಬ್ಬರು ಯಾರನ್ನೋ ಬಿಟ್ಟೆನೆಂದು ಕ್ಷಮೆ ಕೇಳಿ, ಮೊದಲಿನಿಂದ ಹಿಡಿದರು. ಶ್ರೀಸಾಮಾನ್ಯನ ದನಿಯೇ ಪ್ರಜಾಪ್ರಭುತ್ವದ ಉಸಿರು ಎಂದು ಶಾಸಕರು ಮುಕ್ಕಾಲು ಗಂಟೆ ಹೇಳಿದರು. ಆ ಶ್ರೀಸಾಮಾನ್ಯ ಹಿಂದಿನ ಬೆಂಚಿನಲ್ಲಿ ಹಲ್ಲು ಕಡಿಯುತ್ತ, ಪ್ರಶ್ನೆಯನ್ನು ಬಾಯಿಪಾಠ ಮಾಡುತ್ತ ಕೂತಿದ್ದ. ಕೊನೆಗೆ ಅಧ್ಯಕ್ಷರು ಗಡಿಯಾರ ನೋಡಿ, ಶಾಸಕರು ಹೊಳಲ್ಕೆರೆಗೆ ಹೋಗಬೇಕು, ಒಂದೇ ಪ್ರಶ್ನೆ, ಎರಡೇ ನಿಮಿಷ ಎಂದರು. ನಾನು ಚಂಗನೆ ಎದ್ದೆ.

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ನಾಲಿಗೆ ನನ್ನದು. ಅದು ಅಪ್ಪನ ಮಾತು ಮರೆತು, "ವೇದಿಕೆಯ ಮೇಲಿರುವ ಗಣ್ಯರೇ" ಎಂದು ಶುರುಹಚ್ಚಿತು. ಮಾನ್ಯ ಅಧ್ಯಕ್ಷರೇ, ಜನಪ್ರಿಯ ಶಾಸಕರೇ, ಪೂಜ್ಯ ಪ್ರಾಂಶುಪಾಲರೇ ಎಂದು ಸಾಗಿ, ಪ್ರೊಫೆಸರರನ್ನು ಬಿಟ್ಟೆನೆಂದು ಹಿಂದಕ್ಕೆ ಬಂದು ಅವರನ್ನೂ ಸೇರಿಸಿದೆ. ವಿದ್ಯಾರ್ಥಿ ಮಿತ್ರರ ತನಕ ಬರುವಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರು. ಶಾಸಕರು ನನಗೆ ಕೈ ಮುಗಿದು ಜೀಪು ಹತ್ತಿದರು.

ಭಾನುವಾರ ಊರಿಗೆ ಹೋಗಿ, ನಡೆದದ್ದನ್ನು ಹೇಳಿ, ಭಾಷಣಕಾರರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಗಂಗಮ್ಮ ಪೂರ್ತಿ ಕೇಳಿಸಿಕೊಂಡು, "ಅಣ್ಣ, ತೋಳ ಬಂದಾಗ್ಲೂ 'ಹಟ್ಟಿಯ ಹಿರಿಯರೇ' ಅಂತ ಶುರು ಮಾಡಿದ್ರೆ ಒಂದ್ ಕುರಿನೂ ಉಳಿಯಲ್ಲ" ಎಂದಳು. ಕೋಲು ತೆಗೆದುಕೊಂಡು ಹಿಂಡಿನ ಹಿಂದೆ ಹೋದಳು. ಶಾಲೆಗೆ ಮತ್ತೆ ಹೋಗಲೇ ಇಲ್ಲ.

ಸುಳ್ಳಾದರೂ ಬೇಗ ಹೇಳಿ ಮುಗಿಸಲಿ ಎಂದೆನಲ್ಲ. ನಾನು ನಿಜವನ್ನೇ ಬೇಗ ಹೇಳಲಾರದೆ ಹೋದೆ.