ಬರೆದವರೇ ಅಳಿಸಬೇಕಾದ ಕಲ್ಲು

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಒಂದು ಪತ್ರಿಕೆಯ ಮಾಲೀಕರು ಎಂದರೆ ನೀವು ನಂಬಲಿಕ್ಕಿಲ್ಲ. ಆ ಪತ್ರಿಕೆಯನ್ನು ಮಡಚಿ ಬಗಲಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಅದರಲ್ಲಿ ಭಜಿ ಕಟ್ಟಿಕೊಡಲು ಬರುವುದಿಲ್ಲ. ಕೈತಪ್ಪಿ ಬಿದ್ದರೆ ಓದುಗರ ಕಾಲು ಮುರಿಯುತ್ತದೆ. ಇಂಥ ಪತ್ರಿಕೆ ಜಗತ್ತಿನಲ್ಲಿ ಇನ್ನೊಂದಿದ್ದರೆ ತೋರಿಸಿ!

ಅದು ಶಹಾಬಾದಿ ಕಲ್ಲಿನ ಒಂದು ದೊಡ್ಡ ಚಪ್ಪಡಿ. ಶಹಾಬಾದಿಗೂ ವಾಡಿಗೂ ನಡುವಿನ ನಮ್ಮ ಊರಿನಲ್ಲಿ ನೆಲ, ಗೋಡೆ, ಕಟ್ಟೆ, ಬಚ್ಚಲು ಎಲ್ಲವೂ ಈ ಕಲ್ಲೇ. ಮಾವ ಆಯುಷ್ಯವೆಲ್ಲ ಇದನ್ನೇ ಪಾಲಿಶ್ ಮಾಡಿದವರು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕುಳಿತಿದ್ದರೆ ನನ್ನ ಜೀವ ತಣ್ಣಗಿರುತ್ತಿತ್ತು. ಆದರೆ ಯಾರೋ ಪುಣ್ಯಾತ್ಮರು ಅವರ ಮೊಬೈಲನ್ನು ಊರಿನ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಆ ಗುಂಪಿನಲ್ಲಿ ಅಡ್ಮಿನ್ ಒಬ್ಬರೇ ಬರೆಯಬಹುದು, ಉಳಿದವರು ಓದಬಹುದು ಅಷ್ಟೆ. ಮಾವ ನಮ್ಮ ಓಣಿಯ ಚರಂಡಿಯ ಬಗ್ಗೆ ಏನೋ ಹೇಳಬೇಕೆಂದು ಇಡೀ ಮಧ್ಯಾಹ್ನ ಹೆಬ್ಬೆರಳು ಒತ್ತಿದರು. ಒಂದಕ್ಷರವೂ ಮೂಡಲಿಲ್ಲ.

"ಕೆಟ್ಟಾದೇನವ್ವ ಇದು?" ಎಂದು ನನ್ನ ಕೈಗೆ ಕೊಟ್ಟರು.

"ಕೆಟ್ಟಿಲ್ಲ ಮಾವಾರ. ಇದರಾಗ ಅವ್ರಷ್ಟೇ ಹೇಳ್ತಾರ, ನಾವು ಕೇಳಬೇಕು."

"ಹಂಗಂದ್ರ ರೇಡಿಯೋ ಅನ್ಲಿ. ಗುಂಪಂತ ಯಾಕ ಅಂತಾರ?"

ಮರುದಿನ ಬೆಳಿಗ್ಗೆ ಮನೆಯ ಮುಂದೆ, ಮಳೆ ತಡೆಯುವ ಛಜ್ಜಾದ ಕೆಳಗೆ, ಗೋಡೆಗೆ ಒರಗಿಸಿ ಆ ಚಪ್ಪಡಿ ನಿಂತಿತ್ತು. ಪಕ್ಕದ ಮೊಳೆಗೆ ದಾರ, ದಾರದ ತುದಿಗೆ ಚಾಕ್‌ಪೀಸ್. ಯಾರು ಬೇಕಾದರೂ ಬರೆಯಬಹುದು, ಕೆಳಗೆ ಹೆಸರು ಹಾಕಬೇಕು. ಇನ್ನೊಂದು ಕಟ್ಟಳೆ ಎಲ್ಲಕ್ಕಿಂತ ದೊಡ್ಡದು: ಬರೆದವರೇ ಬಂದು ಅಳಿಸಬೇಕು. ಕೆಲಸ ಆದ ಮೇಲೆ ಅವರೇ ಒದ್ದೆ ಬಟ್ಟೆ ತಂದು ಒರೆಸಬೇಕು. ಬೇರೆಯವರು ಮುಟ್ಟುವ ಹಾಗಿಲ್ಲ. ಮಾವನೂ ಮುಟ್ಟುವ ಹಾಗಿಲ್ಲ.

ಈಗ ನನ್ನ ಸಂಕಟ ಕೇಳಿ. ನಾನು ಊರಿನ ನೀರು, ಚರಂಡಿ ನೋಡಿಕೊಳ್ಳುವ ಸರಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದವಳು. ಗುತ್ತಿಗೆ ನೌಕರಿ. ವರ್ಷಕ್ಕೊಮ್ಮೆ ಸಾಹೇಬರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಸಾಹೇಬರು ದಿನಾ ಕಚೇರಿಗೆ ಹೋಗುವ ದಾರಿ ಯಾವುದು? ನಮ್ಮ ಮನೆಯ ಮುಂದಿನದೇ! ಹೀಗಾಗಿ ಎದ್ದ ಕೂಡಲೇ ದೇವರಿಗೆ ಕೈಮುಗಿಯುವ ಮೊದಲು ನಾನು ಕಲ್ಲಿನ ಮುಂದೆ ನಿಲ್ಲುತ್ತಿದ್ದೆ. ಬೇರೆಯವರು ಸುದ್ದಿ ಏನಿದೆ ಎಂದು ಪತ್ರಿಕೆ ನೋಡುತ್ತಾರೆ. ನಾನು ಸುದ್ದಿ ಏನೂ ಇಲ್ಲದಿರಲಿ ಎಂದು ನೋಡುತ್ತಿದ್ದೆ.

ಮೊದಮೊದಲು ಬಂದದ್ದು ಮೇಕೆಯ ಸುದ್ದಿ. ಎದುರು ಮನೆಯ ಅಜ್ಜಿ ತನ್ನ ಕಿವಿಹರಿದ ಕರಿ ಮೇಕೆ ಕಳೆದಿದೆ ಎಂದು ಬರೆಸಿದಳು. ಸಂಜೆಗೆ ಮೇಕೆ ತಾನಾಗಿ ಮನೆಗೆ ಬಂತು. ಆ ಸಂತೋಷದಲ್ಲಿ ಅಜ್ಜಿ ಸಾಲನ್ನು ಅಳಿಸದೆ ಮಗಳ ಬಾಣಂತನಕ್ಕೆಂದು ಚಿಂಚೋಳಿ ಬಸ್ಸು ಹತ್ತಿದಳು. ಅಲ್ಲಿಂದ ಶುರುವಾಯಿತು ನೋಡಿ. ಮೇಕೆ ಎಲ್ಲಿ ಮೇಯಲಿ, ಯಾರೋ ಅದರ ಹರಿದ ಕಿವಿ ನೋಡಿ, ಕೊರಳಿಗೆ ಹಗ್ಗ ಹಾಕಿ, ನಮ್ಮ ಬಾಗಿಲಿಗೆ ಎಳೆದು ತರುವರು. ಬಿಟ್ಟು ಕಳಿಸಿದರೆ ಇನ್ನೊಬ್ಬರು ತರುವರು. ಮೇಕೆಗೂ ರೂಢಿಯಾಗಿ, ಯಾರೂ ತರದ ದಿನ ತಾನೇ ಬಂದು ನಿಲ್ಲತೊಡಗಿತು.

"ಅದೊಂದು ಸಾಲು ಅಳಸ್ರಿ ಮಾವಾರ, ಮೇಕಿ ಸಿಕ್ಕದಲ್ಲ," ಎಂದೆ.

"ಸಿಕ್ಕದಂತ ನಿನಗ ಗೊತ್ತದ, ನನಗ ಗೊತ್ತದ. ಬರಸಿದಾಕಿ ಬಂದು ಹೇಳಬೇಕಲ್ಲವ್ವ," ಎಂದು ಮಾವ ಮೇಕೆಗೆ ಜೋಳದ ಕಣಿಕೆ ಹಾಕಿದರು. ಅಜ್ಜಿ ಬಾಣಂತನ ಮುಗಿಸಿ ಬರುವವರೆಗೆ ಅದನ್ನು ನಾವೇ ಸಾಕಿದೆವು.

ಆಮೇಲೆ ಭಾಷೆಯ ತಕರಾರು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಬಳೆ ಅಂಗಡಿಯವರು ಬಲಗಡೆಯಿಂದ ಉರ್ದುವಿನಲ್ಲಿ ಬರೆಯುತ್ತಾ ಬಂದರು. ಗಿರಣಿಯವರು ಎಡಗಡೆಯಿಂದ ಕನ್ನಡದಲ್ಲಿ ಬರೆಯುತ್ತಾ ಹೋದರು. ಇಬ್ಬರ ಸಾಲೂ ಕಲ್ಲಿನ ನಟ್ಟನಡುವೆ ಢಿಕ್ಕಿ ಹೊಡೆದವು. ನೀವು ಸರೀರಿ, ನೀವೇ ಸರೀರಿ ಎಂದು ಮಾತು ಬೆಳೆಯಿತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಒಳಗೆ ನಿಂತು ನೀರು ಕುಡಿದೆ. ಮಾವ ಮಾತ್ರ ನಿಧಾನವಾಗಿ ಎದ್ದು ಬಂದರು.

"ವಾಡಿ ಜಂಕ್ಷನ್ನಿಗಿ ಅಷ್ಟು ಗಾಡಿ ಬರ್ತಾವ, ಒಂದಕ್ಕೊಂದು ಢಿಕ್ಕಿ ಹೊಡೀತಾವೇನ್ರಿ? ಹಳಿ ಬ್ಯಾರೆ ಬ್ಯಾರೆ ಇರ್ತಾವ," ಎಂದು ಕಲ್ಲಿನ ಮೇಲೆ ಅಡ್ಡ ಗೆರೆಗಳನ್ನು ಎಳೆದರು. ಅಂದಿನಿಂದ ಒಂದು ಗೆರೆ ಉರ್ದುವಿಗೆ, ಒಂದು ಗೆರೆ ಕನ್ನಡಕ್ಕೆ. ಖಾಲಾ ಬರೆದದ್ದನ್ನು ಗಿರಣಿಯವರು ಓದಿಸಿ ಕೇಳುತ್ತಾರೆ, ಗಿರಣಿಯವರು ಬರೆದದ್ದನ್ನು ಖಾಲಾ.

ಇಷ್ಟಾದರೂ ನನ್ನ ಅಂಜಿಕೆ ಹೋಗಲಿಲ್ಲ. ಈ ಸಲ ನನ್ನ ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಕಾಗದ ಸಾಹೇಬರ ಮೇಜಿನ ಮೇಲಿತ್ತು. ಸರಿಯಾಗಿ ಅದೇ ವಾರ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಖಾಲಿ ಕೊಡ ಸೊಂಟದ ಮೇಲೆ ಇಟ್ಟುಕೊಂಡೇ ಬಂದು ಬರೆದಳು: "ನಮ್ಮ ಓಣಿಗೆ ನಳದ ನೀರು ಬಂದಿಲ್ಲ. ಆಫೀಸಿನವ್ರು ಇದೇ ದಾರೀಲೆ ಹೋಗ್ತಾರ. ಒಂದ್ ಗಳಿಗಿ ನಿಂತು ಓದ್ರಿ." ಕೆಳಗೆ ಹೆಸರನ್ನೂ ಹಾಕಿದಳು.

ಸಾಹೇಬರು ನಿಂತರು. ಓದಿದರು. ಕಿಟಕಿಯಿಂದ ನೋಡುತ್ತಿದ್ದ ನನ್ನ ರೊಟ್ಟಿ ಹಂಚಿನ ಮೇಲೆ ಕರಕಾಯಿತು.

ಕಚೇರಿಯಲ್ಲಿ ಅವರು ನನ್ನನ್ನು ಕರೆದು, "ಆ ಕಲ್ಲು ನಿಮ್ಮ ಮನೀದಲ್ಲ?" ಎಂದರು. ಹೌದೆಂದೆ. "ಛಲೋ ಅದ," ಎಂದರು. ಆಮೇಲೆ, "ನಿಮ್ಮ ಕಾಗದ ಇಲ್ಲೇ ಅದ. ನೋಡ್ತೀನಿ," ಎಂದರು. ಇಷ್ಟೇ. ಅವರು ನಕ್ಕರೋ, ಗದರಿದರೋ? ಇಡೀ ದಿನ ಯೋಚಿಸಿದರೂ ನನಗೆ ತಿಳಿಯಲಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದ ಗಂಡನಿಗೆ ಫೋನು ಹಚ್ಚಿದೆ. "ಅಪ್ಪಗ ನೀನೇ ಹೇಳು. ನಾ ಹೇಳಿದ್ರ ಕೇಳಲ್ಲ," ಎಂದು ಅವರು ಜಾರಿಕೊಂಡರು.

ಸಂಜೆ ಊಟಕ್ಕೆ ಕುಳಿತ ಮಾವನಿಗೆ ಹೇಳಿದೆ. "ನೀರಿನ ಸಾಲು ಅಳಸ್ರಿ ಮಾವಾರ. ನನ್ನ ನೌಕರಿ ಹೋದ್ರ ಏನ್ ಮಾಡೋದು?"

"ಬರದಾಕಿ ನಾನಲ್ಲವ್ವ," ಎಂದರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯಿತು. ನನಗೆ ಸಿಟ್ಟು ಬಂತು. ಮನೆಯ ಸೊಸೆಗಿಂತ ಒಂದು ಕಲ್ಲು ಹೆಚ್ಚೇ ಎನ್ನಿಸಿತು.

ಬೆಳಿಗ್ಗೆ ಬಾಗಿಲು ತೆರೆದರೆ ಕಲ್ಲಿನ ಮೇಲೆ ಒಂದಕ್ಷರವೂ ಇಲ್ಲ. ಗೆರೆಗಳೂ ಇಲ್ಲ. ಪಾಲಿಶ್ ಕಾಣದ ಒರಟು ಬೆನ್ನು. ಮಾವ ಕಟ್ಟೆಯ ಮೇಲೆ ಬಲಗೈಯನ್ನು ಧೋತರದಲ್ಲಿ ಮುಚ್ಚಿಕೊಂಡು ಕುಳಿತಿದ್ದರು.

"ಅಳಸಿಲ್ಲವ್ವ," ಎಂದರು. "ಹೊಳ್ಳಿಸಿ ಇಟ್ಟೀನಷ್ಟ. ನಿನ್ನ ಕಾಗದ ಆಗಲಿ."

ಧೋತರ ಸರಿಸಿ ನೋಡಿದೆ. ಬೆರಳ ಗೆಣ್ಣುಗಳೆಲ್ಲ ಕೆತ್ತಿಹೋಗಿದ್ದವು. ಇಬ್ಬರು ಗಟ್ಟಿ ಗಂಡಸರು ಹಿಡಿಯಬೇಕಾದ ಕಲ್ಲನ್ನು ಈ ವಯಸ್ಸಿನಲ್ಲಿ ಒಬ್ಬರೇ ತಿರುಗಿಸಿದ್ದರು. ಓಣಿಯವರನ್ನು ಯಾಕೆ ಕರೆಯಲಿಲ್ಲ ಎಂದು ಗದರಿದೆ.

"ಕರದ್ರ, ಯಾಕಂತ ಕೇಳ್ತಾರಲ್ಲ. ನಿನ್ನ ಹೆಸರು ಹೇಳಬೇಕಾಗ್ತಿತ್ತು."

ಅರಿಶಿಣ ಹಚ್ಚುವಾಗ ನನ್ನ ಕಣ್ಣು ತುಂಬಿ ಬಂತು. ಇಷ್ಟು ದಿನ ಒಂದಕ್ಷರ ಅಳಿಸದ ಮನುಷ್ಯ ನನಗೋಸ್ಕರ ತನ್ನ ಇಡೀ ಪತ್ರಿಕೆಯ ಮುಖವನ್ನೇ ಗೋಡೆಗೆ ತಿರುಗಿಸಿದ್ದರು. ನಾನು ಹೋಗಿ ಖಾಲಾ ಅವರನ್ನೂ ಗಿರಣಿಯವರನ್ನೂ ಕರೆತಂದೆ. ಎಲ್ಲರೂ ಹಿಡಿದು ಕಲ್ಲನ್ನು ಮೊದಲಿನಂತೆ ನಿಲ್ಲಿಸಿದೆವು. ನೀರಿನ ಸಾಲು ಹಾಗೇ ಇತ್ತು. ಅದರ ಕೆಳಗಿನ ಖಾಲಿ ಗೆರೆಯ ಮೇಲೆ ನಾನು ಮೊದಲ ಸಲ ಚಾಕ್‌ಪೀಸ್ ಹಿಡಿದು ಬರೆದೆ: "ನನಗ ಅಂಜಿಕಿ ಆಗ್ಯಾದ." ಹೆಸರನ್ನೂ ಹಾಕಿದೆ, ಅಕ್ಷರ ಸೊಟ್ಟಗಾದರೂ.

ಹಿಂದಿನ ಓಣಿಗೆ ನೀರು ಬಂತು. ಆ ಹೆಣ್ಣುಮಗಳು ತುಂಬಿದ ಕೊಡದಿಂದಲೇ ಬಟ್ಟೆ ತೋಯಿಸಿ ತನ್ನ ಸಾಲು ಒರೆಸಿ ಹೋದಳು. ನನ್ನ ಕಾಗದ ಇನ್ನೂ ಸಾಹೇಬರ ಮೇಜಿನ ಮೇಲೇ ಇದೆ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಮಾವ ನನ್ನ ಸಾಲಿನ ಕಡೆ ನೋಡಿ ಕೇಳುತ್ತಾರೆ:

"ಒದ್ದಿ ಬಟ್ಟಿ ಕೊಡ್ಲೇನವ್ವ?"

"ಇನ್ನೂ ಇಲ್ಲ ಮಾವಾರ."

"ಇರ್ಲಿ ಬಿಡು," ಎನ್ನುತ್ತಾರೆ. "ನಮ್ಮ ಕಡೆ ಕಲ್ಲಿಗೇನು ಬರ ಇಲ್ಲ. ಉಳದವ್ರಿಗಿ ಇನ್ನೊಂದು ನಿಲ್ಲಸ್ತೀನಿ."